ಚಹಾದ ಒಗರು



ಬಾಳೆಕಾಯಿಯನ್ನೋ ಬದನೆಕಾಯಿಯನ್ನೋ ಹೆಚ್ಚುವಾಗ ಹೋಳುಗಳನ್ನು ಕೂಡಲೇ ನೀರಿಗೆ ಹಾಕುವುದನ್ನು ನೀವು ಮನೆಯಲ್ಲಿ ನೋಡಿಯೇ ಇರುತ್ತೀರಿ. ಕೆಲವರು ಆ ನೀರಿಗೆ ಒಂದಿಷ್ಟು ಮಜ್ಜಿಗೆಯನ್ನೂ ಬೆರೆಸುತ್ತಾರೆ. ಹಾಗೆ ಮಾಡದಿದ್ದರೆ ಹೋಳು ಕಪ್ಪಾಗುತ್ತದೆ. ಹಸಿ ಬಾಳೆಕಾಯಿಯ ಚೂರನ್ನು ಬಾಯಿಗಿಟ್ಟರೆ ನಾಲಗೆಯೆಲ್ಲ ಒಗರು. ಈ ಕಪ್ಪಿಗೂ ಈ ಒಗರಿಗೂ ಮೂಲದಲ್ಲಿರುವುದು ಒಂದೇ ಕುಲದ ರಾಸಾಯನಿಕಗಳು. ಇವುಗಳಿಗೆ ಪಾಲಿಫಿನಾಲುಗಳೆಂದು ಹೆಸರು. ಅಡಿಗೆಮನೆಯಲ್ಲಿ ನಾವು ಬೇಡವೆಂದು ತಡೆಯುವ ಈ ಕಪ್ಪಾಗುವ ಕ್ರಿಯೆಯನ್ನೇ ಬೇಕೆಂದು, ಗಡಿಯಾರ ನೋಡಿಕೊಂಡು, ಟನ್ನುಗಟ್ಟಲೆ ಎಲೆಯ ಮೇಲೆ ನಡೆಸುವ ಉದ್ಯಮವೊಂದಿದೆ. ಅದೇ ಚಹಾ ಉದ್ಯಮ.

ವಿಜ್ಞಾನ ಕಾರ್ಯಕ್ರಮಗಳನ್ನು ತಯಾರಿಸುವ ನಮ್ಮಂಥವರನ್ನು ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆ: ಚಹಾ ಒಳ್ಳೆಯದೆ, ಕೆಟ್ಟದ್ದೆ? ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ಕೇಳಿದವರಿಗೆ ಸಂತೋಷವಾಗುತ್ತದೆ, ವಿಜ್ಞಾನಕ್ಕೆ ಅನ್ಯಾಯವಾಗುತ್ತದೆ. ಆದ್ದರಿಂದ ಆ ಪ್ರಶ್ನೆಯನ್ನು ಸ್ವಲ್ಪ ಬದಿಗಿಟ್ಟು, ಒಗರಿನ ಜಾಡು ಹಿಡಿದು ತೋಟದಿಂದ ಹೊಟ್ಟೆಯವರೆಗೆ ಹೋಗಿಬರೋಣ.

ಮೊದಲು ಹೆಸರಿನ ಮಾತು. ಧಾರವಾಡದ ಕಡೆಯವರು ಚಹಾ ಎನ್ನುತ್ತಾರೆ, ಮೈಸೂರಿನವರು ಟೀ ಎನ್ನುತ್ತಾರೆ. ಎರಡೂ ಚೀನೀ ಪದಗಳೇ. ಚೀನದ ಬಹುಭಾಗದಲ್ಲಿ ಅದು 'ಚಾ', ಫೂಜಿಯನ್ ಕರಾವಳಿಯ ಆಡುನುಡಿಯಲ್ಲಿ 'ಟೆ'. ಡಚ್ಚರು ಆ ಕರಾವಳಿಯವರೊಡನೆ ವ್ಯಾಪಾರ ಮಾಡಿ 'ಟೆ' ಎಂಬುದನ್ನು ಯುರೋಪಿಗೆ ಒಯ್ದರು. ಅದು ಇಂಗ್ಲಿಷಿನ ಮೂಲಕ ನಮ್ಮಲ್ಲಿಗೆ ಬಂತು. ಹೀಗೆ ಒಂದೇ ರಾಜ್ಯದಲ್ಲಿ ಎರಡು ದಾರಿಯ ಹೆಸರುಗಳು ನೆಲೆಸಿವೆ.

ಗಿಡವೂ ಒಂದೇ. ಹಸಿರು ಚಹಾ, ಕಪ್ಪು ಚಹಾ ಎಂದು ಅಂಗಡಿಯಲ್ಲಿ ಬೇರೆ ಬೇರೆ ಪೊಟ್ಟಣಗಳಿವೆಯಲ್ಲ, ಅವು ಬೇರೆ ಬೇರೆ ಗಿಡಗಳಿಂದ ಬಂದವಲ್ಲ. ಎಲ್ಲವೂ ಕಮೀಲಿಯ ಸೈನೆನ್ಸಿಸ್ ಎಂಬ ಒಂದೇ ಪ್ರಭೇದದ ಎಲೆ. ಅದರಲ್ಲಿ ಸಣ್ಣ ಎಲೆಯ ಚೀನೀ ಬಗೆ ಮತ್ತು ದೊಡ್ಡ ಎಲೆಯ ಅಸ್ಸಾಮಿ ಬಗೆ ಎಂದು ಎರಡು ಮುಖ್ಯ ತಳಿಗಳು. ಅಸ್ಸಾಮಿನ ಸಿಂಗ್‌ಫೋ ಜನ ಈ ಎಲೆಯನ್ನು ಬಹು ಹಿಂದಿನಿಂದ ಬಳಸುತ್ತಿದ್ದರು; ರಾಬರ್ಟ್ ಬ್ರೂಸ್ ಎಂಬಾತನಿಗೆ 1823ರಲ್ಲಿ ಇದು ತಿಳಿದದ್ದು ಅವರಿಂದಲೇ. ಕಡಿಯದೆ ಬಿಟ್ಟರೆ ಇದು ಮರವಾಗಿ ಬೆಳೆಯುತ್ತದೆ. ತೋಟದಲ್ಲಿ ಸೊಂಟದೆತ್ತರದ ಹಸಿರು ಹಾಸು ಕಾಣುವುದು ಸತತವಾಗಿ ಸವರುವುದರಿಂದ. ಅದಕ್ಕೆ ಬೇಕಾದದ್ದು ಹುಳಿ ಮಣ್ಣು, ಅಂದರೆ ಪಿ.ಎಚ್. 4.5ರಿಂದ 5.5ರವರೆಗಿನ ಆಮ್ಲೀಯ ಮಣ್ಣು. ಜೊತೆಗೆ ಒಳ್ಳೆಯ ಮಳೆ ಬೇಕು, ಆದರೆ ಬೇರಿನಲ್ಲಿ ನೀರು ನಿಲ್ಲಬಾರದು. ಆದ್ದರಿಂದಲೇ ಇಳಿಜಾರುಗಳು ಇದಕ್ಕೆ ಒಪ್ಪುತ್ತವೆ.

ನಮ್ಮ ದೇಶದಲ್ಲಿ ವರ್ಷಕ್ಕೆ 130 ಕೋಟಿ ಕಿಲೋಗ್ರಾಂಗೂ ಹೆಚ್ಚು ಚಹಾ ತಯಾರಾಗುತ್ತದೆ. ಅರ್ಧಕ್ಕಿಂತ ಹೆಚ್ಚು ಅಸ್ಸಾಮ್ ಒಂದರದೇ. ಕರ್ನಾಟಕ ಕಾಫಿಯ ನಾಡು. ಚಿಕ್ಕಮಗಳೂರು ಮುಂತಾದ ಕಡೆ ಒಂದಷ್ಟು ಚಹಾ ತೋಟಗಳಿವೆ, ಅಷ್ಟೆ. ಅಸ್ಸಾಮಿನ ಜೋರ್ಹಾಟ್ ಬಳಿಯ ಟೊಕ್ಲಾಯ್‌ನಲ್ಲಿ 1911ರಲ್ಲೇ ಚಹಾ ಸಂಶೋಧನಾ ಕೇಂದ್ರ ಆರಂಭವಾಯಿತು. ದಕ್ಷಿಣದ ತೋಟಗಳಿಗಾಗಿ ಉಪಾಸಿ ಸಂಸ್ಥೆಯ ಸಂಶೋಧನಾಲಯ ತಮಿಳುನಾಡಿನ ವಾಲ್‌ಪಾರೈನಲ್ಲಿದೆ. ಬೀಜದಿಂದ ಬೆಳೆದ ಚಹಾ ಗಿಡಗಳು ಒಂದರಂತೆ ಇನ್ನೊಂದು ಇರುವುದಿಲ್ಲ. ಒಳ್ಳೆಯ ಗಿಡವೊಂದನ್ನು ಆರಿಸಿ, ಒಂದೇ ಎಲೆಯುಳ್ಳ ಸಣ್ಣ ಕಡ್ಡಿಗಳನ್ನು ನೆಟ್ಟು, ಅದೇ ಗುಣದ ಸಾವಿರಾರು ಗಿಡಗಳನ್ನು ಪಡೆಯುವ ವಿಧಾನವನ್ನು ಇಂಥ ಕೇಂದ್ರಗಳು ತೋಟಗಳಿಗೆ ಕಲಿಸಿದವು. ಮೊದಲ ಆಯ್ದ ತಳಿಗಳನ್ನು ಟೊಕ್ಲಾಯ್ ಬಿಡುಗಡೆ ಮಾಡಿದ್ದು 1949ರಲ್ಲಿ.

ಕೊಯ್ಯುವವರು ತುದಿಯ ಕುಡಿಯನ್ನೂ ಅದರ ಕೆಳಗಿನ ಎರಡು ಎಲೆಗಳನ್ನೂ ಮಾತ್ರ ಚಿವುಟುತ್ತಾರೆ. ಇದು ಬರಿಯ ಸಂಪ್ರದಾಯವಲ್ಲ. ಎಳೆಯ ಚಿಗುರಿನಲ್ಲಿಯೇ ಪಾಲಿಫಿನಾಲೂ ಕೆಫೀನೂ ಹೆಚ್ಚು. ಒಣ ತೂಕದಲ್ಲಿ ಲೆಕ್ಕ ಹಾಕಿದರೆ ಚಿಗುರಿನ ಶೇಕಡ 30ರಷ್ಟು ಪಾಲಿಫಿನಾಲೇ ಇರಬಹುದು. ಗಿಡ ಇವುಗಳನ್ನು ನಮಗೋಸ್ಕರ ತಯಾರಿಸುವುದಿಲ್ಲ. ಎಳೆಯ ಎಲೆಗೆ ಹುಳುಹುಪ್ಪಟೆಗಳ ಕಾಟ ಹೆಚ್ಚು. ಒಗರೂ ಕಹಿಯೂ ಅದರ ರಕ್ಷಣೆ.

ಈ ಪಾಲಿಫಿನಾಲುಗಳಲ್ಲಿ ಮುಖ್ಯವಾದವು ಕ್ಯಾಟೆಚಿನ್‌ಗಳು. ಹೆಸರು ಪರಕೀಯವಾಗಿ ಕೇಳಿಸುತ್ತದೆಯೆ? ವೀಳ್ಯದೆಲೆಗೆ ಹಚ್ಚುವ ಕಾಚು ನಿಮಗೆ ಗೊತ್ತು. ಆ ಕಾಚಿನ ಯುರೋಪಿಯನ್ ರೂಪ 'ಕ್ಯಾಟೆಚು'. ಅದರಿಂದ ಬೇರ್ಪಡಿಸಿದ ವಸ್ತುವಿಗೆ ರಸಾಯನವಿಜ್ಞಾನಿಗಳು ಕ್ಯಾಟೆಚಿನ್ ಎಂದರು. ನಮ್ಮ ಎಲೆಯಡಿಕೆಯ ತಟ್ಟೆಯಿಂದ ಹೊರಟ ಮಾತು ಪ್ರಯೋಗಶಾಲೆಗೆ ಹೋಗಿ, ಗುರುತು ಸಿಗದಂತೆ ವೇಷ ಹಾಕಿಕೊಂಡು ಬಂದಿದೆ.

ಹಸಿರು ಚಹಾದಲ್ಲಿ ಕ್ಯಾಟೆಚಿನ್ ಇದೆಯೆಂದು ಮೊದಲು ಬೇರ್ಪಡಿಸಿ ತೋರಿಸಿದವರಲ್ಲಿ ಪ್ರಮುಖಳು ಮಿಚಿಯೊ ತ್ಸುಜಿಮುರ ಎಂಬ ಜಪಾನೀ ಮಹಿಳೆ. ಆಕೆಯ ಕಥೆಯನ್ನು ನಿಮಗೆ, ಅದರಲ್ಲೂ ವಿದ್ಯಾರ್ಥಿನಿಯರಿಗೆ, ಹೇಳಲೇಬೇಕು. 1920ರಲ್ಲಿ ಆಕೆ ಹೊಕ್ಕೈಡೊ ವಿಶ್ವವಿದ್ಯಾನಿಲಯಕ್ಕೆ ಹೋದಾಗ ಅಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಸಂಬಳವಿಲ್ಲದ ಸಹಾಯಕಿಯಾಗಿ ಸೇರಿಕೊಂಡಳು. ಅಲ್ಲಿ ಅವಳ ವಿಷಯ ರೇಷ್ಮೆಹುಳುವಿನ ಪೋಷಣೆ. ಮುಂದೆ ಟೋಕಿಯೊಗೆ ಬಂದಳು. 1923ರ ಮಹಾಭೂಕಂಪದಲ್ಲಿ ಪ್ರಯೋಗಶಾಲೆ ನಾಶವಾಯಿತು. ರಿಕೆನ್ ಸಂಸ್ಥೆಗೆ ಸೇರಿ ಕೆಲಸ ಮುಂದುವರಿಸಿದಳು. 1924ರಲ್ಲಿ ಸಹೋದ್ಯೋಗಿ ಮಿಉರನೊಡನೆ ಹಸಿರು ಚಹಾದಲ್ಲಿ ಸಿ ಜೀವಸತ್ವವಿದೆಯೆಂದು ತೋರಿಸಿದಳು. 1929ರಲ್ಲಿ ಕ್ಯಾಟೆಚಿನ್ ಕೈಗೆ ಸಿಕ್ಕಿತು. 1932ರಲ್ಲಿ ಜಪಾನಿನಲ್ಲಿ ಕೃಷಿವಿಜ್ಞಾನದ ಡಾಕ್ಟರೇಟ್ ಪಡೆದ ಮೊದಲ ಮಹಿಳೆಯಾದಳು.

ಈಗ ಎಲೆ ಕಪ್ಪಾಗುವ ಕ್ರಿಯೆಗೆ ಬರೋಣ. ಜೀವಂತ ಎಲೆಯ ಕೋಶದಲ್ಲಿ ಕ್ಯಾಟೆಚಿನ್ ಇರುವುದು ರಸದಾನಿಯಲ್ಲಿ. ಅದನ್ನು ಬದಲಿಸಬಲ್ಲ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಇರುವುದು ಕ್ಲೋರೋಪ್ಲಾಸ್ಟಿನಲ್ಲಿ. ಎರಡಕ್ಕೂ ನಡುವೆ ಗೋಡೆಯಿದೆ, ಹಾಗಾಗಿ ಎಲೆ ಹಸಿರಾಗಿದೆ. ಕೊಯ್ದ ಎಲೆಯನ್ನು ಹರಡಿ ಹಲವು ಗಂಟೆ ಬಾಡಿಸಿ, ಯಂತ್ರದಲ್ಲಿ ಜಜ್ಜಿದಾಗ ಗೋಡೆ ಒಡೆಯುತ್ತದೆ. ಕಿಣ್ವ, ಕ್ಯಾಟೆಚಿನ್, ಗಾಳಿಯ ಆಮ್ಲಜನಕ ಮೂರೂ ಕೂಡಿದವೆಂದರೆ ಎಲೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಬದನೆಕಾಯಿಯ ಹೋಳಿನಲ್ಲಿ ಆಗುವುದೂ ಇದೇ. ಹೋಳನ್ನು ನೀರಿನಲ್ಲಿ ಮುಳುಗಿಸಿದರೆ ಗಾಳಿ ತಪ್ಪುತ್ತದೆ, ಮಜ್ಜಿಗೆಯ ಹುಳಿಗೆ ಕಿಣ್ವ ಮಂಕಾಗುತ್ತದೆ.

ಚಹಾ ಕಾರ್ಖಾನೆಯವರು ಇದಕ್ಕೆ 'ಫರ್ಮೆಂಟೇಷನ್' ಎನ್ನುತ್ತಾರೆ. ಹಳೆಯ ರೂಢಿಯ ಮಾತು, ಆದರೆ ಪರೀಕ್ಷೆಯಲ್ಲಿ ಹಾಗೆ ಬರೆದುಬಿಡಬೇಡಿ. ದೋಸೆ ಹಿಟ್ಟು ಹುದುಗುವುದು ಸೂಕ್ಷ್ಮಜೀವಿಗಳಿಂದ. ಇಲ್ಲಿ ನಡೆಯುವುದು ಕಿಣ್ವದ ಮೂಲಕ ಉತ್ಕರ್ಷಣ. ಸಾಕೆನಿಸಿದಾಗ ಬಿಸಿಗಾಳಿಯಲ್ಲಿ ಒಣಗಿಸಿದರೆ ಕಿಣ್ವ ಸತ್ತು ಕ್ರಿಯೆ ನಿಲ್ಲುತ್ತದೆ. ಹಸಿರು ಚಹಾಕ್ಕೆ ಈ ಕಿಣ್ವವನ್ನು ಮೊದಲೇ ಕೊಲ್ಲುತ್ತಾರೆ. ಜಪಾನಿನಲ್ಲಿ ಹಬೆಯಿಂದ, ಚೀನದಲ್ಲಿ ಹೆಚ್ಚಾಗಿ ಕಾದ ಬಾಣಲೆಯಲ್ಲಿ ಹುರಿದು. ಹಸಿರಿಗೂ ಕಪ್ಪಿಗೂ ಇರುವ ವ್ಯತ್ಯಾಸದ ತಿರುಳು ಇಷ್ಟೆ. ನಮ್ಮ ಹೋಟೆಲುಗಳ ಹರಳು ಹರಳು ಪುಡಿ ಸಿ.ಟಿ.ಸಿ. ಯಂತ್ರದ್ದು, ಹಲ್ಲುಗಳುಳ್ಳ ಎರಡು ಉರುಳೆಗಳ ನಡುವೆ ಎಲೆ ಜಜ್ಜಿ, ಹರಿದು, ಸುರುಳಿಯಾಗುತ್ತದೆ. ಇದನ್ನು 1930ರ ಸುಮಾರಿಗೆ ಅಸ್ಸಾಮಿನ ಅಮ್ಗುರಿ ತೋಟದಲ್ಲಿ ವಿಲಿಯಂ ಮೆಕರ್ಚರ್ ರೂಪಿಸಿದ. ಗೋಡೆಗಳು ಹೆಚ್ಚು ಒಡೆಯುವುದರಿಂದ ಬಣ್ಣ ಬೇಗ ಬಿಡುತ್ತದೆ, ಹಾಲು ಹಾಕಿದರೂ ಗಟ್ಟಿ ನಿಲ್ಲುತ್ತದೆ.

ಉತ್ಕರ್ಷಣದಿಂದ ಹುಟ್ಟುವ ಹೊಸ ವಸ್ತುಗಳಿಗೆ ಇ.ಎ.ಎಚ್. ರಾಬರ್ಟ್ಸ್ ಎಂಬ ವಿಜ್ಞಾನಿ ಥಿಯಾಫ್ಲೇವಿನ್, ಥಿಯಾರುಬಿಜಿನ್ ಎಂದು ಹೆಸರಿಟ್ಟ. ಮೊದಲಿನದು ಹೊಂಬಣ್ಣ ಮತ್ತು ನಾಲಗೆಯ ಮೇಲಿನ ಚುರುಕು. ಎರಡನೆಯದು ಕೆಂಗಂದು ಬಣ್ಣ ಮತ್ತು ಗಾಢತೆ. ಥಿಯಾಫ್ಲೇವಿನ್‌ನ ರಚನೆ ತಿಳಿದಿದೆ. ಥಿಯಾರುಬಿಜಿನ್ ಎಂಬುದು ಒಂದು ವಸ್ತುವೇ ಅಲ್ಲ, ಸಾವಿರಾರು ಸಂಯುಕ್ತಗಳ ಸಂತೆ ಎಂದು 2010ರ ಸುಮಾರಿಗೆ ಜರ್ಮನಿಯ ಬ್ರೆಮೆನ್ನಿನಲ್ಲಿ ನಡೆದ ವಿಶ್ಲೇಷಣೆಗಳು ತೋರಿಸಿದವು. ದಿನವೂ ಕೋಟ್ಯಂತರ ಜನ ಕುಡಿಯುವ ದ್ರವದ ಮುಖ್ಯ ಘಟಕವನ್ನು ಇನ್ನೂ ಪೂರ್ತಿ ಬಿಡಿಸಿ ನೋಡಿಲ್ಲವೆಂದರೆ ನಿಮ್ಮಲ್ಲಿ ಯಾರಿಗಾದರೂ ಮುಂದೆ ಕೆಲಸವಿದೆ ಎಂದಾಯಿತು.

ಹಾಲಿಲ್ಲದ ಚಹಾಕ್ಕೆ ನಿಂಬೆರಸ ಹಿಂಡಿದರೆ ಬಣ್ಣ ತಿಳಿಯಾಗುತ್ತದೆ, ಚಿಟಿಕೆ ಅಡಿಗೆ ಸೋಡ ಹಾಕಿದರೆ ಕಪ್ಪಾಗುತ್ತದೆ. ಈ ಬಣ್ಣಗಳು ದುರ್ಬಲ ಆಮ್ಲಗಳಂತೆ ವರ್ತಿಸುವುದೇ ಕಾರಣ. ಕ್ಯಾಮೆರಾದ ಮುಂದೆ ಮಾಡಿ ತೋರಿಸಲು ಇದಕ್ಕಿಂತ ಅಗ್ಗದ ಪ್ರಯೋಗ ನನಗೆ ಸಿಕ್ಕಿಲ್ಲ.

ತೋಟದ ನೆರಳಿಗೂ ಕಪ್ಪಿನ ರುಚಿಗೂ ಸಂಬಂಧವಿದೆ. ಚಹಾದ ಬೇರಿನಲ್ಲಿ ಥಿಯಾನಿನ್ ಎಂಬ ವಿಶಿಷ್ಟ ಅಮೈನೋ ಆಮ್ಲ ತಯಾರಾಗಿ ಚಿಗುರಿಗೆ ಏರುತ್ತದೆ. ಬಿಸಿಲು ಬಿದ್ದರೆ ಎಲೆಯಲ್ಲಿ ಅದು ಒಡೆದು, ಅದರ ಒಂದು ಭಾಗ ಕ್ಯಾಟೆಚಿನ್ ತಯಾರಿಕೆಗೆ ಸೇರುತ್ತದೆ. ನೆರಳಿನಲ್ಲಿ ಥಿಯಾನಿನ್ ಉಳಿಯುತ್ತದೆ, ಒಗರು ತಗ್ಗುತ್ತದೆ. ಜಪಾನೀಯರು ಕೊಯ್ಲಿಗೆ ಕೆಲವು ವಾರ ಮುಂಚೆ ತೋಟಕ್ಕೆ ಚಪ್ಪರದಂತೆ ಮರೆ ಹಾಕುವುದು ಇದಕ್ಕೇ. ಕೀಟವೂ ಒಮ್ಮೊಮ್ಮೆ ಉಪಕಾರಿ. ಡಾರ್ಜಿಲಿಂಗಿನ ಎರಡನೆಯ ಕೊಯ್ಲಿನ ಪ್ರಸಿದ್ಧ ಪರಿಮಳಕ್ಕೆ ಎಲೆಯ ರಸ ಹೀರುವ ಜಿಗಿಹುಳು ಒಂದು ಕಾರಣ. ಕಚ್ಚಿಸಿಕೊಂಡ ಎಲೆ ಪ್ರತಿಭಟನೆಯಾಗಿ ಸುವಾಸನೆಯ ಅಣುಗಳನ್ನು ಹೊರಡಿಸುತ್ತದೆ.

ಕೆಫೀನ್ ಬಗ್ಗೆ ಪರೀಕ್ಷೆಯ ಕಾಲದಲ್ಲಿ ನಿಮಗೆ ಬೇರೆ ಹೇಳಬೇಕಾಗಿಲ್ಲ. ಚಹಾದಲ್ಲಿ ಸಿಕ್ಕ ಉತ್ತೇಜಕಕ್ಕೆ 1827ರಲ್ಲಿ ಥೀನ್ ಎಂದು ಪ್ರತ್ಯೇಕ ಹೆಸರಿಟ್ಟಿದ್ದರು. ಅದೂ ಕಾಫಿಯ ಕೆಫೀನೂ ಒಂದೇ ಎಂದು 1838ರಲ್ಲಿ ಗೊತ್ತಾಯಿತು. ಸ್ವಾರಸ್ಯವೆಂದರೆ, ಕಾಫಿ ಗಿಡವೂ ಚಹಾ ಗಿಡವೂ ಒಂದನ್ನೊಂದು ಅನುಸರಿಸದೆ, ಬೇರೆ ಬೇರೆ ಕಿಣ್ವಗಳಿಂದ ಅದೇ ಅಣುವನ್ನು ತಯಾರಿಸಲು ವಿಕಾಸಗೊಂಡವು. 2014ರಲ್ಲಿ ಕಾಫಿಯ ಜೀನೋಮ್ ಓದಿದಾಗ ಇದು ಸ್ಪಷ್ಟವಾಯಿತು. ಕುಡಿದ ಕೆಫೀನಿನ ಅರ್ಧ ಭಾಗ ದೇಹದಿಂದ ಹೊರಹೋಗಲು ಸುಮಾರು 5 ಗಂಟೆ ಬೇಕು. ರಾತ್ರಿ ಹತ್ತಕ್ಕೆ ಕುಡಿದರೆ ಬೆಳಗಿನ ಜಾವ ಮೂರಕ್ಕೂ ಅರ್ಧ ಕಪ್ಪು ನಿಮ್ಮೊಳಗಿದೆ. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದು ನಿದ್ರೆಯಲ್ಲಿ, ಲೆಕ್ಕ ನೀವೇ ಹಾಕಿ.

ಈಗ ಆರೋಗ್ಯ. ಪೊಟ್ಟಣದ ಮೇಲೆ ಏನೇನೋ ಬರೆದಿರುತ್ತದೆ. ಸಂಶೋಧನೆ ಹೇಳುವುದು ಅಷ್ಟು ಜೋರಾಗಿಲ್ಲ. ಬ್ರಿಟನ್ನಿನ ಸುಮಾರು 5 ಲಕ್ಷ ಜನರನ್ನು ಅನುಸರಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ದಿನಕ್ಕೆ ಎರಡು ಕಪ್ಪು ಅಥವಾ ಹೆಚ್ಚು ಚಹಾ ಕುಡಿಯುವವರಲ್ಲಿ ಸಾವಿನ ಸಂಭವ ಕುಡಿಯದವರಿಗಿಂತ ಶೇಕಡ 9ರಿಂದ 13ರಷ್ಟು ಕಡಿಮೆ ಕಂಡುಬಂತು. ಜಪಾನಿನಲ್ಲಿ 40 ಸಾವಿರಕ್ಕೂ ಹೆಚ್ಚು ಜನರ ಅಧ್ಯಯನ 2006ರಲ್ಲಿ ಹಸಿರು ಚಹಾದ ಬಗ್ಗೆ ಇಂಥದೇ ಮಾತು ಹೇಳಿತ್ತು. ಆದರೆ ಇವು ನೋಡಿ ಬರೆದುಕೊಂಡ ಅಧ್ಯಯನಗಳು. ಚಹಾ ಕುಡಿಯುವವರ ಊಟ, ದುಡಿಮೆ, ಸಿಗರೇಟು, ಆದಾಯ ಎಲ್ಲವೂ ಬೇರೆ ಇರಬಹುದು. ಲೆಕ್ಕದಲ್ಲಿ ಅವನ್ನು ಸರಿದೂಗಿಸಿದರೂ ಪೂರ್ತಿ ಕಳೆಯಲು ಆಗುವುದಿಲ್ಲ. ಚಹಾ ಕ್ಯಾನ್ಸರನ್ನು ತಡೆಯುತ್ತದೆ ಎಂಬುದಕ್ಕೆ ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ದೃಢವಾದ ಆಧಾರ ಸಿಕ್ಕಿಲ್ಲ.

ಹಾಲಿನ ವಿಚಾರದಲ್ಲೂ ಜಗಳವಿದೆ. ಚಹಾ ಒಗರಾಗುವುದು ಪಾಲಿಫಿನಾಲುಗಳು ಎಂಜಲಿನ ಪ್ರೋಟೀನುಗಳನ್ನು ಕಟ್ಟಿಹಾಕಿ ನಾಲಗೆಯ ನುಣುಪು ಕಳೆಯುವುದರಿಂದ. ಹಾಲು ಹಾಕಿದರೆ ಅವು ಹಾಲಿನ ಕೇಸೀನನ್ನು ಹಿಡಿದುಕೊಳ್ಳುತ್ತವೆ, ನಾಲಗೆ ಪಾರಾಗುತ್ತದೆ. ಹಾಗಾದರೆ ಚಹಾದ ಗುಣವೂ ಹೋಯಿತೆ? 2007ರಲ್ಲಿ ಬರ್ಲಿನ್ನಿನಲ್ಲಿ 16 ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ, ಚಹಾದಿಂದ ರಕ್ತನಾಳ ಹಿಗ್ಗುವ ಪರಿಣಾಮ ಹಾಲು ಬೆರೆಸಿದಾಗ ಕಾಣಲಿಲ್ಲ. ಅದಕ್ಕೂ ಮುಂಚೆ, 1998ರಲ್ಲಿ ಹಾಲೆಂಡಿನ ಸಂಶೋಧಕರು ಹಾಲು ಹಾಕಿದರೂ ಕ್ಯಾಟೆಚಿನ್ ರಕ್ತಕ್ಕೆ ಸೇರುವುದು ಕಡಿಮೆಯಾಗುವುದಿಲ್ಲ ಎಂದು ಕಂಡಿದ್ದರು. ತೀರ್ಪು ಬಾಕಿ.

ಬಿಸಿಯ ಮಾತಿನಲ್ಲಿ ಅಷ್ಟು ಗೊಂದಲವಿಲ್ಲ. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವುದೇ ಪಾನೀಯವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2016ರಲ್ಲಿ 'ಬಹುಶಃ ಕ್ಯಾನ್ಸರ್‌ಕಾರಕ' ಎಂದು ವರ್ಗೀಕರಿಸಿತು. ದೋಷ ಚಹಾದ್ದಲ್ಲ, ಅನ್ನನಾಳವನ್ನು ದಿನವೂ ಸುಡುವ ಶಾಖದ್ದು. ಇರಾನಿನ ಗೊಲೆಸ್ತಾನ್ ಪ್ರಾಂತದ ಜನ ಬಹಳ ಬಿಸಿ ಚಹಾ ಕುಡಿಯುತ್ತಾರೆ; ಅಲ್ಲಿ ಅನ್ನನಾಳದ ಕ್ಯಾನ್ಸರ್ ಹೆಚ್ಚು. ಚಹಾವನ್ನು ಸಾಸರಿಗೆ ಸುರಿದು ಆರಿಸಿ ಕುಡಿಯುವ ಹಿರಿಯರನ್ನು ನೋಡಿ ನಗಬೇಡಿ. ಹಸಿರು ಚಹಾದ ಸಾರವನ್ನು ಗುಳಿಗೆ ಮಾಡಿ ಮಾರುವುದು ಮತ್ತೊಂದು ಕಥೆ. ಚಹಾದ ಮುಖ್ಯ ಕ್ಯಾಟೆಚಿನ್ ಅನ್ನು ಗುಳಿಗೆಯಾಗಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡರೆ ಯಕೃತ್ತಿಗೆ ತೊಂದರೆಯ ಲಕ್ಷಣ ಕಾಣಬಹುದೆಂದು ಯುರೋಪಿನ ಆಹಾರ ಸುರಕ್ಷಾ ಸಂಸ್ಥೆ 2018ರಲ್ಲಿ ಎಚ್ಚರಿಸಿತು. ತೆಳ್ಳಗಾಗುವ ಆಸೆಗೆ ಇಂಥವನ್ನು ನುಂಗುವ ಯುವಜನರಿದ್ದಾರೆ, ಅದಕ್ಕೇ ಹೇಳಿದೆ.

ನಾನು ಮುಖ್ಯವಾಗಿ ಹೇಳಬೇಕೆಂದಿದ್ದು ಕಬ್ಬಿಣದ ವಿಷಯ. ಎಂಜಲಿನ ಪ್ರೋಟೀನನ್ನು ಕಟ್ಟಿಹಾಕುವ ಪಾಲಿಫಿನಾಲು ಕರುಳಿನಲ್ಲಿ ಆಹಾರದ ಕಬ್ಬಿಣವನ್ನೂ ಕಟ್ಟಿಹಾಕುತ್ತದೆ. ಕಟ್ಟಿಬಿದ್ದ ಕಬ್ಬಿಣ ರಕ್ತಕ್ಕೆ ಸೇರದೆ ಹೊರಗೆ ಹೋಗುತ್ತದೆ. ರಾಗಿ, ಸೊಪ್ಪು, ಕಾಳುಗಳ ಕಬ್ಬಿಣಕ್ಕೆ ಈ ತೊಂದರೆ ಹೆಚ್ಚು. ಮಾಂಸದಲ್ಲಿ ಹೀಮ್ ರೂಪದಲ್ಲಿರುವ ಕಬ್ಬಿಣಕ್ಕೆ ಕಡಿಮೆ. 1975ರಲ್ಲಿ ದಕ್ಷಿಣ ಆಫ್ರಿಕದ ಸಂಶೋಧಕರು ವಿಕಿರಣಶೀಲ ಕಬ್ಬಿಣದ ಗುರುತಿಟ್ಟು ಇದನ್ನು ಅಳೆದರು. ಬ್ರೆಡ್ಡಿನಿಂದಲೂ ಅನ್ನದ ಊಟದಿಂದಲೂ ಹೀರಿಕೆಯಾಗುವ ಕಬ್ಬಿಣ ಚಹಾದೊಡನೆ ಕುಗ್ಗಿತು. 1983ರ ಅಮೆರಿಕದ ಪ್ರಯೋಗವೊಂದರಲ್ಲಿ ಊಟದ ಜೊತೆ ಚಹಾ ಕುಡಿದಾಗ ಹೀರಿಕೆ ಶೇಕಡ 64ರಷ್ಟು, ಕಾಫಿ ಕುಡಿದಾಗ ಶೇಕಡ 39ರಷ್ಟು ಇಳಿಯಿತು. ಕಾಫಿಯವರು ಬೀಗಬೇಕಾಗಿಲ್ಲ. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದ ಕಾಫಿ ಏನೂ ಮಾಡಲಿಲ್ಲ; ಒಂದು ಗಂಟೆಯ ನಂತರ ಕುಡಿದದ್ದು ಜೊತೆಗೆ ಕುಡಿದಷ್ಟೇ ತಡೆಯಿತು. 2017ರಲ್ಲಿ ಬ್ರಿಟನ್ನಿನ 12 ಮಹಿಳೆಯರಲ್ಲಿ ಗಂಜಿಯ ಜೊತೆಗೆ ಚಹಾ ಕೊಟ್ಟಾಗ ಹೀರಿಕೆ ಶೇಕಡ 37ರಷ್ಟು ಇಳಿದರೂ, ಚಹಾವನ್ನು ಒಂದು ಗಂಟೆ ತಡವಾಗಿ ಕೊಟ್ಟಾಗ ಆ ತಡೆ ಬಹುಮಟ್ಟಿಗೆ ಸಡಿಲವಾಯಿತು.

ಇದು ನಿಮಗೇಕೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇಕಡ 59 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ 15ರಿಂದ 49ರ ಮಹಿಳೆಯರಲ್ಲಿ ಶೇಕಡ 48. ಇದಕ್ಕೆಲ್ಲ ಚಹಾವೇ ಕಾರಣವೆಂದು ನಾನು ಹೇಳುತ್ತಿಲ್ಲ. ಸಾಲದ ಊಟ, ಮುಟ್ಟಿನ ರಕ್ತಸ್ರಾವ, ಕೊಕ್ಕೆಹುಳು, ಬೇರೆ ಜೀವಸತ್ವಗಳ ಕೊರತೆ ಎಲ್ಲ ಇದೆ. ಹೊಟ್ಟೆ ತುಂಬ ಒಳ್ಳೆಯ ಊಟವಿರುವವರಿಗೆ ಊಟದ ಜೊತೆಗಿನ ಒಂದು ಕಪ್ಪು ದೊಡ್ಡ ವಿಷಯವಲ್ಲ. ಆದರೆ ಬೆಳಿಗ್ಗೆ ಒಂದಿಷ್ಟು ಅವಲಕ್ಕಿ, ಜೊತೆಗೆ ಚಹಾ. ಸಂಜೆ ಬನ್ನು, ಜೊತೆಗೆ ಮತ್ತೆ ಚಹಾ ಎಂದು ಹಾಸ್ಟೆಲಿನಲ್ಲಿ ದಿನ ತಳ್ಳುವ ಹುಡುಗಿಗೆ, ಇರುವ ಸ್ವಲ್ಪ ಕಬ್ಬಿಣದಲ್ಲೂ ಪಾಲು ಕಳೆದುಹೋಗುತ್ತದೆ. ಅವಳು ಚಹಾ ಬಿಡಬೇಕಾಗಿಲ್ಲ. ತಿಂಡಿಗೂ ಚಹಾಕ್ಕೂ ನಡುವೆ ಒಂದು ಗಂಟೆಗೆ ಕಡಿಮೆಯಿಲ್ಲದ ಅಂತರವಿಟ್ಟರೆ, ಊಟದ ಜೊತೆ ನಿಂಬೆಯನ್ನೋ ನೆಲ್ಲಿಕಾಯಿಯನ್ನೋ ಸೀಬೆಹಣ್ಣನ್ನೋ ಸೇರಿಸಿಕೊಂಡರೆ ಒಂದು ಪೈಸೆ ಹೆಚ್ಚು ಖರ್ಚಿಲ್ಲದೆ ಅನುಕೂಲವಾಗುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನಂತೂ ಚಹಾದೊಡನೆ ನುಂಗಬೇಡಿ. ಸದಾ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು ಎನ್ನುವವರು ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಪಾಲಿಫಿನಾಲು ಕಬ್ಬಿಣವನ್ನು ಹಿಡಿಯುವುದನ್ನು ಕಣ್ಣಾರೆ ನೋಡಬಹುದು. ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಶಾಯಿ ಮಾಡುತ್ತಿದ್ದರು. ಅಳಲೆಯ ಒಗರೂ ಚಹಾದ ಒಗರೂ ಹತ್ತಿರದ ಬಂಧುಗಳು. ಅನ್ನಭೇದಿಯೆಂದರೆ ನಿಮ್ಮ ಪ್ರಯೋಗಶಾಲೆಯ ಫೆರಸ್ ಸಲ್ಫೇಟ್. ಉಪಾಧ್ಯಾಯರನ್ನು ಕೇಳಿ ಅದರ ಕೆಲವು ಹರಳುಗಳನ್ನು ಪಡೆದು ನೀರಿನಲ್ಲಿ ಕರಗಿಸಿ. ಹಾಲು, ಸಕ್ಕರೆ ಇಲ್ಲದ ಗಟ್ಟಿ ಡಿಕಾಕ್ಷನ್ನನ್ನು ಆರಿಸಿ ಎರಡು ಪ್ರನಾಳಗಳಿಗೆ ಹಾಕಿ. ಒಂದಕ್ಕೆ ಒಂದು ಚಮಚ ನಿಂಬೆರಸ ಬೆರೆಸಿ, ಇನ್ನೊಂದನ್ನು ಹಾಗೆಯೇ ಬಿಡಿ. ಎರಡಕ್ಕೂ ಕೆಲವು ಹನಿ ಅನ್ನಭೇದಿಯ ದ್ರಾವಣ ಹಾಕಿ. ಬರಿಯ ಡಿಕಾಕ್ಷನ್ ನೋಡುನೋಡುತ್ತಿದ್ದಂತೆ ಕಪ್ಪಾಗುತ್ತದೆ. ನಿಂಬೆ ಬಿದ್ದದ್ದು ತಿಳಿಯಾಗಿಯೇ ಉಳಿಯುತ್ತದೆ. ರುಚಿ ನೋಡಬೇಡಿ, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ. ಚೆಲ್ಲುವ ಮುನ್ನ ಕಪ್ಪು ದ್ರವದಲ್ಲಿ ಕಡ್ಡಿ ಅದ್ದಿ ಒಂದು ಕಾಗದದ ಮೇಲೆ ನಿಮ್ಮ ಹೆಸರು ಬರೆದಿಡಿ. ಗಾಳಿಯ ಆಮ್ಲಜನಕದಿಂದ ಫೆರಸ್ ಫೆರಿಕ್ ಆಗುತ್ತ ಹೋಗುವುದರಿಂದ, ಮರುದಿನ ಬೆಳಿಗ್ಗೆ ನೋಡಿದರೆ ಅಕ್ಷರಗಳು ಇನ್ನಷ್ಟು ಕಪ್ಪಾಗಿರುತ್ತವೆ.